ಬುಧವಾರದ ಪ್ಲಾಸ್ಟರ್

ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಸಭಾಭವನಕ್ಕೆ ಈಗ ಹೊಸ ಸೀಲಿಂಗ್ ಹಾಕಿಸುತ್ತಿದ್ದಾರೆ. ಕಳೆದ ಶನಿವಾರ ಕುರ್ಚಿಗಳ ಧೂಳು ಒರೆಸಲು ನಾವು ನಾಲ್ಕು ಜನ ಹೆಂಗಸರು ಹೋಗಿದ್ದೆವು. ಮೂಲೆಯಲ್ಲಿ ಕೆಲಸದವರು ಪ್ಲಾಸ್ಟರಿನ ಬಿಳಿ ಹುಡಿಯನ್ನು ಬಕೆಟಿಗೆ ಸುರಿದು ನೀರು ಹಾಕಿ ಕಲಸುತ್ತಿದ್ದರು. ಅದಕ್ಕೊಂದು ವಾಸನೆ ಉಂಟು. ಸುಣ್ಣದ್ದೂ ಅಲ್ಲ, ಮಣ್ಣಿನದ್ದೂ ಅಲ್ಲ, ತಣ್ಣಗೆ ಮೂಗಿನೊಳಗೆ ಇಳಿಯುವಂಥದ್ದು. ಆ ವಾಸನೆ ಬಂದದ್ದೇ ತಡ, ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹಿಡಿದುಕೊಂಡೇ ನಾನು ಹತ್ತಿರದ ಕುರ್ಚಿಯಲ್ಲಿ ಕುಳಿತುಬಿಟ್ಟೆ.

"ಎಂತಾಯ್ತು ಲವೀನಾ, ತಲೆ ತಿರುಗ್ತದಾ?" ಎಂದು ಜೊತೆಯವರು ಓಡಿ ಬಂದರು. ತಲೆ ತಿರುಗಿರಲಿಲ್ಲ. ಹನ್ನೊಂದು ವರ್ಷ ಹಿಂದಿನ ಒಂದು ಮಳೆಗಾಲ ಇಡೀ ನನ್ನ ಮೇಲೆ ಬಂದು ಬಿದ್ದಿತ್ತು, ಅಷ್ಟೆ. ಅವರಿಗೆ ಏನೆಂದು ಹೇಳುವುದು? "ಸ್ವಲ್ಪ ನೀರು ಕೊಡಿ" ಎಂದೆ.

ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನಗೆ ಕಾಯಲು ಬರುವುದಿಲ್ಲ. ಅನ್ನಕ್ಕಿಟ್ಟರೆ ಬೇಯುವ ಮೊದಲು ನಾಲ್ಕು ಸಲ ಮುಚ್ಚಳ ತೆಗೆದು ನೋಡುವವಳು ನಾನು. ಬಸ್ಸು ಹತ್ತು ನಿಮಿಷ ತಡವಾದರೆ ಸಿಟ್ಟಿನಲ್ಲಿ ಮುಂದಿನ ಸ್ಟಾಪಿಗೆ ನಡೆಯತೊಡಗುತ್ತೇನೆ, ಅರ್ಧ ದಾರಿಯಲ್ಲಿ ಬಸ್ಸು ನನ್ನ ಮೇಲೆ ಕೆಸರು ಹಾರಿಸಿಕೊಂಡು ದಾಟಿ ಹೋಗುತ್ತದೆ. ಕಡಬ ಪೇಟೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಗಿರಾಕಿಗಳು ಬರುವ ವಾರಕ್ಕೆ ಕೇಳಿದ ರವಿಕೆಯನ್ನು ಇವತ್ತೇ ಹೊಲಿದಿಟ್ಟು, ಅವರು ಇನ್ನೂ ಯಾಕೆ ಬರಲಿಲ್ಲವೆಂದು ಸಿಡಿಮಿಡಿಗೊಳ್ಳುವುದು ನನ್ನ ಅಭ್ಯಾಸ. ಇಂಥವಳಿಗೆ ಮದುವೆಯಾದ ಮೇಲೆ ಏಳು ವರ್ಷ ದೇವರು ಮಕ್ಕಳನ್ನು ಕೊಡಲಿಲ್ಲ. ಆ ಏಳು ವರ್ಷಗಳ ನೊವೆನಾ ಪ್ರಾರ್ಥನೆ, ಹರಕೆ, ಉಪವಾಸಗಳ ಕತೆ ಬೇಡ. ಎಂಟನೆಯ ವರ್ಷ, ಮೇ ತಿಂಗಳ ನಡುವಿನಲ್ಲಿ, ಜೆನಿಶಾ ಹುಟ್ಟಿದಳು.

ನರ್ಸು ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಪಕ್ಕದಲ್ಲಿ ಮಲಗಿಸಿದಳು. ಮುಖ ನೋಡಿದೆ, ಕೈ ನೋಡಿದೆ. ಕಾಲು ನೋಡಲು ಬಟ್ಟೆ ಸರಿಸಿದಾಗ ನರ್ಸು ಬೇರೆ ಕಡೆ ತಿರುಗಿಕೊಂಡಳು. ಎರಡೂ ಪಾದಗಳು ಒಳಕ್ಕೆ ಮಡಚಿಕೊಂಡಿದ್ದವು. ಅಂಗಾಲುಗಳು ಒಂದನ್ನೊಂದು ನೋಡುತ್ತಿದ್ದವು. ಹಿಮ್ಮಡಿ ಎಲ್ಲೋ ಮೇಲೆ ಏರಿ ಕುಳಿತಿತ್ತು. ನಾನು ಬಟ್ಟೆಯನ್ನು ಮತ್ತೆ ಮುಚ್ಚಿದೆ.

ಮಾಂಯ್, ಅಂದರೆ ನನ್ನ ಅತ್ತೆ, ಕಾರಣ ಹುಡುಕಿಕೊಂಡೇ ಆಸ್ಪತ್ರೆಗೆ ಬಂದಿದ್ದರು. ನಮ್ಮ ಮನೆಮಾತು ಕೊಂಕಣಿ, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. "ಗ್ರಹಣದ ದಿನ ಕತ್ತರಿ ಹಿಡೀಬೇಡ ಅಂತ ಹೇಳಿದ್ದೆನಾ ಇಲ್ಲವಾ? ಆ ದಿನವೇ ಕೂತು ಬಟ್ಟೆ ಕತ್ತರಿಸಿದೆ" ಎಂದರು. ಇಗರ್ಜಿಯಿಂದ ನೋಡಲು ಬಂದವರು, "ದೇವರಿಗೆ ನಿನ್ನ ಮೇಲೆ ಬಹಳ ಪ್ರೀತಿ ಲವೀನಾ, ಅದಕ್ಕೇ ಈ ಶಿಲುಬೆ ಕೊಟ್ಟದ್ದು" ಎಂದರು. ಪ್ರೀತಿಯನ್ನು ಸ್ವಲ್ಪ ಕಡಿಮೆ ಮಾಡಲು ದೇವರಿಗೆ ಯಾರಾದರೂ ಹೇಳಿ ಎಂದು ಬಾಯಿ ತುದಿಗೆ ಬಂದಿತ್ತು. ನನ್ನ ಗಂಡ ವಿಲ್ಲಿ ಮಾತ್ರ ಕಾರಣ ಹುಡುಕಲು ಹೋಗಲಿಲ್ಲ. ಅವರು ಕಡಬದ ಹತ್ತಿರದ ಒಂದು ರಬ್ಬರ್ ತೋಟದಲ್ಲಿ ಹಾಲು ತೆಗೆಯುವ ಕೆಲಸದವರು, ದಿನವಿಡೀ ಮರಗಳ ಜೊತೆ ಇದ್ದು ಮಾತು ಕಡಿಮೆ. ಮಗುವಿನ ಎರಡೂ ಪಾದಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕುಳಿತಿದ್ದರು. ಆ ಅಂಗೈಗೆ ರಬ್ಬರ್ ಹಾಲಿನ ಹುಳಿ ವಾಸನೆ ಇತ್ತು.

ಪುತ್ತೂರಿನ ಆಸ್ಪತ್ರೆಯೊಂದರಲ್ಲಿ ಪ್ರತಿ ಬುಧವಾರ ಇಂಥ ಪಾದಗಳನ್ನು ನೋಡುವ ಡಾಕ್ಟರ್ ಇದ್ದಾರೆಂದು ಗೊತ್ತಾಯಿತು. ಜೂನ್ ತಿಂಗಳ ಮೊದಲ ಬುಧವಾರ ಮಗುವನ್ನು ಎತ್ತಿಕೊಂಡು ಹೋದೆವು. ಡಾಕ್ಟರ್ ಚಿಕ್ಕ ಪ್ರಾಯದವರು, ಬಯಲುಸೀಮೆಯ ಕಡೆಯವರು. ಪಾದವನ್ನು ತಿರುಗಿಸಿ ನೋಡಿ, "ಇದು ಸರಿಯಾಗುತ್ತೆ, ದೊಡ್ಡ ಆಪರೇಷನ್ ಬೇಕಾಗಲ್ಲ" ಎಂದರು. ಪ್ರತಿ ವಾರ ಪಾದವನ್ನು ಕೈಯಿಂದ ಸ್ವಲ್ಪ ಸ್ವಲ್ಪ ಹೊರಕ್ಕೆ ತಿರುಗಿಸಿ, ತಿರುಗಿಸಿದಷ್ಟನ್ನು ಹಿಡಿದು ನಿಲ್ಲಿಸಲು ತೊಡೆಯಿಂದ ಬೆರಳಿನವರೆಗೆ ಪ್ಲಾಸ್ಟರ್ ಹಾಕುವುದು. ಮುಂದಿನ ವಾರ ಅದನ್ನು ತೆಗೆದು, ಇನ್ನಷ್ಟು ತಿರುಗಿಸಿ, ಮತ್ತೊಂದು. ಆರೋ ಏಳೋ ಪ್ಲಾಸ್ಟರ್. ಕೊನೆಗೆ ಹಿಮ್ಮಡಿಯ ಹಿಂದೆ ಒಂದು ಚಿಕ್ಕ ಗಾಯ ಮಾಡಿ ನರ ಸಡಿಲಿಸುವುದು.

"ಮೂರೇ ನಿಯಮ" ಎಂದರು ಡಾಕ್ಟರ್. "ಬುಧವಾರ ತಪ್ಪಿಸಬಾರದು. ಕಾಲಿಗೆ ಎಣ್ಣೆ ಹಚ್ಚಬಾರದು. ಕಾಲ್ಬೆರಳು ಪ್ಲಾಸ್ಟರಿನ ಒಳಗೆ ಹೋದ ಹಾಗೆ ಕಂಡರೆ, ಅಂದೇ ಬರಬೇಕು. ಪ್ಲಾಸ್ಟರ್ ಜಾರಿದೆ ಅಂತ ಅರ್ಥ. ಜಾರಿದ ಪ್ಲಾಸ್ಟರ್ ಪಾದವನ್ನು ಸರಿ ಮಾಡಲ್ಲ, ಇನ್ನಷ್ಟು ಕೆಡಿಸುತ್ತೆ."

ನಾನು ಮೂರಕ್ಕೂ ತಲೆಯಾಡಿಸಿದೆ.

ಪ್ಲಾಸ್ಟರಿನ ಕೋಣೆಯಲ್ಲಿ ಕೊಗ್ಗಣ್ಣ ಎನ್ನುವ ಹಿರಿಯ ಕೆಲಸಗಾರರಿದ್ದರು. ಬಿಳಿ ಪಟ್ಟಿಯನ್ನು ನೀರಲ್ಲಿ ಅದ್ದಿ, ಹಿಂಡಿ, ಡಾಕ್ಟರ್ ಹಿಡಿದ ಕಾಲಿಗೆ ಸುತ್ತುವ ಕೆಲಸ ಅವರದ್ದು. ಮಗು ಚೀರಿದಾಗಲೆಲ್ಲ, "ಆಯ್ತು ಮಗಾ, ಆಯ್ತು. ಸೊಸೈಟಿ ಬಾಗಿಲು ಹಾಕ್ಲಿಕ್ಕೆ ಆಯ್ತು" ಎಂದು ಏನೇನೋ ಅಸಂಬದ್ಧ ಹೇಳುತ್ತಿದ್ದರು. ಮಗು ಅಳು ನಿಲ್ಲಿಸುತ್ತಿರಲಿಲ್ಲ. ಆದರೆ ಹೊರಗೆ ಬೆಂಚಿನಲ್ಲಿ ಕುಳಿತ ತಾಯಂದಿರು ನಗುತ್ತಿದ್ದರು, ಅವರ ಉದ್ದೇಶವೂ ಬಹುಶಃ ಅದೇ.

ಬುಧವಾರ ಬೆಳಿಗ್ಗೆ ಮನೆಯಲ್ಲೇ ಪ್ಲಾಸ್ಟರ್ ತೆಗೆಯಬೇಕಿತ್ತು. ಬೋಗುಣಿಯ ಬಿಸಿನೀರಿನಲ್ಲಿ ಕಾಲನ್ನು ಮುಳುಗಿಸಿ, ಮೆತ್ತಗಾದ ಪಟ್ಟಿಯ ತುದಿ ಹುಡುಕಿ, ಸುತ್ತು ಸುತ್ತು ಬಿಚ್ಚುವುದು. ನನ್ನಂಥವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಎಳೆದರೆ ಬರುವುದಿಲ್ಲ, ಅವಸರ ಮಾಡಿದರೆ ಪಟ್ಟಿ ತುಂಡಾಗಿ ತುದಿ ಕಳೆದುಹೋಗುತ್ತದೆ. ಅದಾದ ಮೇಲೆ ಕಾಲುಗಳಿಗೆ ಹಳೆಯ ಸೀರೆಯ ತುಂಡು ಸುತ್ತಿ, ವಿಲ್ಲಿಯ ಬೈಕಿನ ಹಿಂದೆ ಕೊಡೆ ಹಿಡಿದು ಕುಳಿತು, ಬಸ್‌ಸ್ಟ್ಯಾಂಡಿಗೆ ಬಂದು, ಕಾಣಿಯೂರು ಸವಣೂರು ದಾಟಿ ಪುತ್ತೂರು. ಬಸ್ಸಿನ ಟಾರ್ಪಾಲು ಇಳಿಬಿಟ್ಟು ಒಳಗೆಲ್ಲ ಕತ್ತಲೆ, ಒದ್ದೆ ಕೊಡೆಗಳ ನೀರು ಕಾಲಡಿಯಲ್ಲಿ ಅತ್ತಿತ್ತ ಹರಿಯುತ್ತಿತ್ತು. ಆಸ್ಪತ್ರೆಯ ಬೆಂಚಿನಲ್ಲಿ ಎರಡು ಗಂಟೆ ಕಾದು, ಹೊಸ ಪ್ಲಾಸ್ಟರ್ ಹಾಕಿಸಿ, ಅದು ಒಣಗುವವರೆಗೆ ಮತ್ತೆ ಕಾದು, ಮನೆಗೆ ಬರುವಾಗ ಸಂಜೆ.

ಹಿಂದಿರುಗುವ ಬಸ್ಸಿನಲ್ಲಿ ನಾನು ಜಪ ಮಾಡುತ್ತಿದ್ದೆ. ಜಪಸರ ಚೀಲದ ತಳದಲ್ಲಿ ಎಲ್ಲೋ ಇರುತ್ತಿತ್ತು, ಎರಡು ಕೈಯಲ್ಲೂ ಮಗು. ಹಾಗಾಗಿ ಪ್ಲಾಸ್ಟರಿನಿಂದ ಹೊರಗೆ ಇಣುಕುವ ಹತ್ತು ಬೆರಳುಗಳನ್ನೇ ಹಿಡಿದು ಎಣಿಸುತ್ತಿದ್ದೆ. ಒಂದು ಬೆರಳಿಗೆ ಒಂದು ನಮೋ ಮರಿಯಾ ಪ್ರಾರ್ಥನೆ. ಹತ್ತು ಬೆರಳು ಮುಗಿದರೆ ಒಂದು ಸುತ್ತು, ಐದು ಸುತ್ತು ಆಗುವಾಗ ಕಡಬ ಬರುತ್ತಿತ್ತು. ಮಗು ಮೊದಲು ಕಾಲು ಎಳೆದುಕೊಳ್ಳಲು ನೋಡುತ್ತಿತ್ತು, ಆಮೇಲೆ ಅಭ್ಯಾಸವಾಗಿ ನಿದ್ದೆ ಮಾಡುತ್ತಿತ್ತು.

ಮೂರು ಪ್ಲಾಸ್ಟರ್ ಆಗುವಾಗ ಪಾದಗಳು ಅರ್ಧ ದಾರಿಗೆ ಬಂದಿದ್ದವು. ಯಾರು ನೋಡಿದರೂ ಗೊತ್ತಾಗುವಷ್ಟು. ನಾನು ಮನಸ್ಸಿನಲ್ಲಿ ಲೆಕ್ಕ ಹಾಕಿಬಿಟ್ಟಿದ್ದೆ, ಇನ್ನು ಮೂರು ವಾರ, ಜುಲೈ ಮುಗಿಯುವ ಮೊದಲು ಎಲ್ಲ ಮುಗಿಯಿತು ಎಂದು. ಆ ಧೈರ್ಯದಲ್ಲೇ ಆ ಭಾನುವಾರ ಇಗರ್ಜಿಯಲ್ಲಿ ಹೆಸರಿಡುವ ದೀಕ್ಷಾಸ್ನಾನವನ್ನೂ ಮುಗಿಸಿದೆವು. ಅದಕ್ಕೆ ನಾನೇ ಮೂರು ಮಡಿಕೆ ಫ್ರಿಲ್ ಇಟ್ಟು ಉದ್ದದ ಬಿಳಿ ಫ್ರಾಕ್ ಹೊಲಿದೆ. ಅಷ್ಟು ಉದ್ದ ಯಾಕೆಂದು ಊರಿಗೆಲ್ಲ ಗೊತ್ತಿತ್ತು, ಯಾರೂ ಕೇಳಲಿಲ್ಲ.

ಮಾಂಯ್‌ಗೆ ಇದ್ದ ಸಂಕಟ ಬೇರೆಯೇ. ನಮ್ಮ ಕಡೆ ಕೂಸಿಗೆ ದಿನಾ ತೆಂಗಿನೆಣ್ಣೆ ಹಚ್ಚಿ, ತಿಕ್ಕಿ, ಕಾಲು ನೀಡಿ ಕುಳಿತು ಕಾಲ ಮೇಲೆ ಮಲಗಿಸಿ ಮೀಯಿಸದಿದ್ದರೆ ಅದು ಬಾಣಂತನವೇ ಅಲ್ಲ. ಮಾಂಯ್ ಹಾಗೆ ಐದು ಮಕ್ಕಳನ್ನೂ ಒಂಬತ್ತು ಮೊಮ್ಮಕ್ಕಳನ್ನೂ ಮೀಯಿಸಿದವರು. ಪ್ಲಾಸ್ಟರ್ ಹಾಕಿದ ಮಗುವನ್ನು ವಾರದಲ್ಲಿ ಆರು ದಿನ ಒದ್ದೆ ಬಟ್ಟೆಯಲ್ಲಿ ಒರೆಸುವುದು ಮಾತ್ರ. ಏಳನೆಯ ದಿನ, ಪ್ಲಾಸ್ಟರ್ ಬಿಚ್ಚಿದ ಆ ಒಂದು ಗಂಟೆ, ಕಾಲುಗಳು ಬರಿದಾಗಿ ಎದುರಿಗೆ ಇರುತ್ತಿದ್ದವು. ಒಣಗಿ ಹೊಟ್ಟೇಳುತ್ತಿದ್ದ ಚರ್ಮ, ತೆಳ್ಳಗಿನ ಮೀನಖಂಡ. ಮಾಂಯ್ ನೋಡಿ ನೋಡಿ ನಾಲ್ಕನೆಯ ಬುಧವಾರ ಬಾಯಿ ಬಿಟ್ಟರು.

"ದೀಕ್ಷಾಸ್ನಾನದಲ್ಲಿ ಫಾದರ್ ಎಣ್ಣೆ ಹಚ್ಚಿದರಲ್ಲ, ಅದಕ್ಕೆ ಎಂತಾದರೂ ಆಯ್ತಾ?"

"ಅದು ಎದೆಗೆ, ತಲೆಗೆ. ಅದೂ ಒಂದು ತೊಟ್ಟು."

"ನಾನೂ ಒಂದು ತೊಟ್ಟೇ ಹಚ್ಚುದು. ಹೆಸರು ಹಿಟ್ಟು ಹಾಕಿ ತೊಳೆದರೆ ಹೋಗ್ತದೆ. ಎಣ್ಣೆ ಬೀಳದ ಕೂಸು ಬಾಡಿ ಹೋಗ್ತದೆ ಮಗಾ. ಅದರ ಕಾಲು ನೋಡು."

ನೋಡಿದೆ. ನನಗೂ ಆಸೆ. ಏಳು ವರ್ಷ ಬೇರೆಯವರ ಮಕ್ಕಳ ಎಣ್ಣೆ ಸ್ನಾನ ನೋಡಿದವಳು ನಾನು. ನನ್ನ ಮಗು ಒಂದು ಸಲ, ಒಂದೇ ಒಂದು ಸಲ, ಉಳಿದ ಮಕ್ಕಳ ಹಾಗೆ ಮಿಂಚುತ್ತಾ ಮೈಮುರಿಯುವುದನ್ನು ನೋಡಬೇಕೆನಿಸಿತು. ಮಾಂಯ್ ಹೇಳಿದರೆಂದು ಈಗ ಬರೆದರೆ ಅದು ಅರ್ಧ ಸತ್ಯ. ಎಣ್ಣೆಯನ್ನು ಬೆಚ್ಚಗೆ ಮಾಡಿ ತಂದವಳು ನಾನೇ.

ಆ ಶುಕ್ರವಾರ ರಾತ್ರಿ ಮನೆಯಲ್ಲಿ ಜಪಕ್ಕೆಂದು ಬೆರಳು ಹಿಡಿದರೆ ಬಲಗಾಲಿನಲ್ಲಿ ಮೂರೇ ಬೆರಳು ಸಿಕ್ಕಿದವು. ಉಳಿದೆರಡು ಪ್ಲಾಸ್ಟರಿನ ಒಳಗೆ. ಶನಿವಾರ ಒಂದೂ ಇರಲಿಲ್ಲ. ಅಂದೇ ಬರಬೇಕೆಂದು ಡಾಕ್ಟರ್ ಹೇಳಿದ್ದರು. ಹೋದರೆ ಎಣ್ಣೆಯ ವಿಷಯ ಬರುತ್ತದೆ. ಮಳೆ ಜೋರಿದೆ, ಬಸ್ಸು ಸರಿ ಇಲ್ಲ, ಹೇಗೂ ಬುಧವಾರ ಬರುತ್ತದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಜೀವನದಲ್ಲಿ ಮೊದಲ ಸಲ ನಾನು ತಾಳ್ಮೆಯಿಂದ ಕಾದದ್ದು, ಕಾಯಲೇಬಾರದಿದ್ದ ಆ ನಾಲ್ಕು ದಿನ.

ಬುಧವಾರ ಡಾಕ್ಟರ್ ಪಾದವನ್ನು ಬೆಳಕಿಗೆ ತಿರುಗಿಸಿ ನೋಡಿದರು. ಚರ್ಮ ಕೆಂಪಾಗಿ ಉಜ್ಜಿಹೋಗಿತ್ತು, ಪಾದ ಗುಂಡಗೆ ಬಾತುಕೊಂಡಿತ್ತು.

"ಎಣ್ಣೆ ಹಚ್ಚಿದ್ರಾ?"

"ಇಲ್ಲ" ಎಂದೆ.

ಕೊಗ್ಗಣ್ಣ ಪಟ್ಟಿ ಹಿಂಡುತ್ತಿದ್ದವರು ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿ, ಮತ್ತೆ ಬಕೆಟ್ಟಿನ ಕಡೆ ಬಗ್ಗಿದರು. ಎಷ್ಟು ಮಕ್ಕಳ ಕಾಲು ಮುಟ್ಟಿದ ಕೈ ಅದು, ಅವರಿಗೆ ಗೊತ್ತಾಗದೆ ಇರುತ್ತದಾ?

ಮನೆಗೆ ಬಂದು ಮಾಂಯ್‌ಗೆ ಇದನ್ನು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಹೇಳಿದರೆ ಸುಳ್ಳು ಹೇಳಿದ್ದನ್ನೂ ಹೇಳಬೇಕಲ್ಲ. ಮುಂದಿನ ಬುಧವಾರ ನಾನು ಒಳಗೆ ಚೀಲಕ್ಕೆ ಬಟ್ಟೆ ತುಂಬಿಸಿ ಬರುವಷ್ಟರಲ್ಲಿ ಮಾಂಯ್ ಮಗುವನ್ನು ಮೀಯಿಸಿ ಮುಗಿಸಿದ್ದರು. ಬಸ್ಸು ಕಾಣಿಯೂರು ದಾಟುವಾಗ ಮಗುವಿನ ಕಾಲಿನಿಂದ ತೆಂಗಿನೆಣ್ಣೆಯ ಪರಿಮಳ ಬಂತು. ಬಸ್ಸಿನಿಂದ ಇಳಿದು ಹೋಟೆಲಿನ ನಳ್ಳಿಯಲ್ಲಿ ಸಾಬೂನು ಹಾಕಿ ತೊಳೆದೆ. ಡಾಕ್ಟರಿಗೆ ಮಾತ್ರ ಆ ದಿನವೂ ಹೇಳಲಿಲ್ಲ. ಆ ಪ್ಲಾಸ್ಟರೂ ಭಾನುವಾರದ ಹೊತ್ತಿಗೆ ಜಾರಿತು. ಸೋಮವಾರವೇ ಹೋದೆ.

ಡಾಕ್ಟರ್ ಈ ಸಲ ಎಣ್ಣೆಯ ಮಾತೇ ಎತ್ತಲಿಲ್ಲ. ಜಾರಿದ ಪ್ಲಾಸ್ಟರ್ ತೆಗೆಸಿ, ಹೊಸತು ಹಾಕಲಿಲ್ಲ. ಬಹಳ ಮೆತ್ತಗೆ ಮಾತಾಡಿದರು. "ನೀವು ಎಲ್ಲ ಸರಿಯಾಗೇ ಮಾಡ್ತಿದ್ದೀರಿ. ಆದ್ರೂ ಎರಡು ಸಲ ಜಾರಿದೆ ಅಂದ್ರೆ ಇದು ಸಾಮಾನ್ಯ ಪಾದ ಅಲ್ಲ ಅನ್ಸುತ್ತೆ. ಕೆಲವು ಮಕ್ಕಳ ಪಾದ ಪ್ಲಾಸ್ಟರಿಗೆ ಬಗ್ಗಲ್ಲ. ಮಂಗಳೂರಿಗೆ ಪತ್ರ ಕೊಡ್ತೀನಿ. ದೊಡ್ಡ ಆಪರೇಷನ್ ಬೇಕಾಗಬಹುದು, ಕೀಲು ಬಿಡಿಸಿ ಮಾಡೋದು. ಮುಂದಿನ ವಾರ ಬುಧವಾರ ಬನ್ನಿ, ಪತ್ರ ರೆಡಿ ಇರುತ್ತೆ."

ನೀವು ಎಲ್ಲ ಸರಿಯಾಗೇ ಮಾಡ್ತಿದ್ದೀರಿ. ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ವಾರ ನಾನು ಅಂಗಡಿ ತೆರೆಯಲಿಲ್ಲ. ಎರಡು ತಿಂಗಳ ಕೂಸಿನ ಪಾದ ಕೊಯ್ಯುತ್ತಾರೆ. ನನ್ನ ಒಂದು "ಇಲ್ಲ"ಕ್ಕೆ. ಹೇಳಿದರೆ ಅವರು ಇನ್ನು ಮುಂದೆ ನೋಡುವುದೇ ಇಲ್ಲ ಎಂದುಬಿಟ್ಟರೆ? ಹೇಳದಿದ್ದರೆ ಕತ್ತಿ. ದೇವರ ಪೀಠದ ಎದುರು ಮೊಣಕಾಲೂರಿದರೆ ಪ್ರಾರ್ಥನೆಯೂ ಬರಲಿಲ್ಲ. ಏಳು ವರ್ಷ ಕಾಯಿಸಿ ಕೊಟ್ಟದ್ದನ್ನು ಒಂದು ಬೆಳಿಗ್ಗೆಯಲ್ಲಿ ಹಾಳು ಮಾಡಿದೆನಲ್ಲಾ ಎಂಬ ಒಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು.

ಶನಿವಾರ ಸಂಜೆ ಪಾಪನಿವೇದನೆಗೆ ಹೋದೆ. ಮಾಂಯ್ ಕೂಡ ಬಂದಿದ್ದರು, ಸಾಲಿನಲ್ಲಿ ನನಗಿಂತ ಮುಂದೆ ನಿಂತಿದ್ದರು. ಅವರು ಯಾವಾಗಲೂ ಎರಡು ನಿಮಿಷದಲ್ಲಿ ಎದ್ದು ಬರುವವರು, ಆ ದಿನ ಬಹಳ ಹೊತ್ತು ತೆಗೆದುಕೊಂಡರು. ನಂತರ ನಾನು ಮೊಣಕಾಲೂರಿ, ಜಾಲರಿಯ ಆಚೆ ಕುಳಿತಿದ್ದ ಫಾದರಿಗೆ ಎಲ್ಲ ಹೇಳಿದೆ. ಎಣ್ಣೆ ಎಂಬ ಶಬ್ದ ಬಂದ ಕೂಡಲೇ ಅವರಿಗೆ ಕೆಮ್ಮು ಹತ್ತಿಕೊಂಡಿತು. ಸ್ವಲ್ಪ ಹೊತ್ತು ಕೆಮ್ಮಿ, ಗಂಟಲು ಸರಿಮಾಡಿಕೊಂಡು, "ದೇವರು ಕ್ಷಮಿಸಿದ್ದಾರೆ, ಅದರಲ್ಲಿ ಸಂಶಯ ಬೇಡ" ಎಂದರು. "ಆದರೆ ಮಗಳೇ, ನನಗೆ ಪ್ಲಾಸ್ಟರ್ ಹಾಕಲಿಕ್ಕೆ ಬರುದಿಲ್ಲ. ಹೇಳಬೇಕಾದವರಿಗೆ ಹೇಳು. ಅದೇ ನಿನಗೆ ಪ್ರಾಯಶ್ಚಿತ್ತ."

ನನಗೆ ಇಡೀ ಜಪಸರದ ಐವತ್ಮೂರು ಮಣಿಯ ಜಪ ಕೊಟ್ಟಿದ್ದರೆ ಸುಲಭವಾಗಿತ್ತು.

ಬುಧವಾರ ಬೆಂಚು ತುಂಬಿತ್ತು. ನನ್ನ ಪಕ್ಕದಲ್ಲಿ ಕುಂಬ್ರದ ಝೊಹರಾ. ಅವಳ ಮಗನಿಗೂ ನನ್ನ ಮಗಳಿಗೂ ಒಂದೇ ದಿನ ಮೊದಲ ಪ್ಲಾಸ್ಟರ್ ಹಾಕಿದ್ದು, ಹಾಗಾಗಿ ನಮಗೆ ಪರಿಚಯ. ಆಚೆ ಬದಿಯಲ್ಲಿ ಬೆಟ್ಟಂಪಾಡಿಯಿಂದ ಮೊಮ್ಮಗನನ್ನು ತರುವ ಒಬ್ಬರು ಅಜ್ಜಿ. ಪ್ಲಾಸ್ಟರಿನ ಕೋಣೆಗೂ ಬೆಂಚಿಗೂ ನಡುವೆ ಒಂದು ಪರದೆ ಮಾತ್ರ, ಒಳಗೆ ಆಡಿದ ಮಾತು ಹೊರಗೆ ಕೇಳುತ್ತದೆ. ಎಲ್ಲರೂ ಹೋದ ಮೇಲೆ ಕೊನೆಗೆ ಹೋಗಿ ಹೇಳುವ ಎಂದುಕೊಂಡಿದ್ದೆ. ಆದರೆ ಕೊಗ್ಗಣ್ಣ ಮೊದಲು ಕರೆದದ್ದೇ ನನ್ನ ಮಗಳ ಹೆಸರು.

ಡಾಕ್ಟರ್ ಲಕೋಟೆ ಮುಂದೆ ನೀಡಿದರು. ನಾನು ಕೈ ಚಾಚಲಿಲ್ಲ.

"ಡಾಕ್ಟರೇ, ನಾನು ಎಣ್ಣೆ ಹಾಕಿದ್ದೆ. ಪ್ಲಾಸ್ಟರ್ ಜಾರಿದ ಎರಡು ಸಲವೂ ಕಾಲಿಗೆ ಎಣ್ಣೆ ಬಿದ್ದಿದೆ. ನೀವು ಕೇಳಿದಾಗ ಸುಳ್ಳು ಹೇಳಿದೆ. ಬೆರಳು ಒಳಗೆ ಹೋದದ್ದು ಕಂಡೂ ನಾಲ್ಕು ದಿನ ಬರಲಿಲ್ಲ. ಮಗುವಿನ ಪಾದದ ತಪ್ಪಲ್ಲ."

ಅಷ್ಟು ಹೇಳುವಾಗ ನನ್ನ ಸ್ವರ ಎಲ್ಲಿಗೋ ಏರಿತ್ತು. ಡಾಕ್ಟರ್ ಲಕೋಟೆಯನ್ನು ಮೇಜಿನ ಮೇಲಿಟ್ಟರು. ಅವರ ಮುಖ ಕೆಂಪಾಯಿತು. "ನೀವು ಏನು ಮಾಡಿದ್ದೀರಿ ಗೊತ್ತಾ? ಬೇಕಿಲ್ಲದ ಆಪರೇಷನ್ನಿಗೆ ಈ ಮಗುವನ್ನು ಕಳಿಸ್ತಿದ್ದೆ ನಾನು. ನಿಮ್ಮ ಮಾತು ನಂಬಿ." ನಾನು ಅಳುತ್ತಾ ತಲೆ ತಗ್ಗಿಸಿ ನಿಂತೆ. ಕೊಗ್ಗಣ್ಣ ಬಕೆಟ್ಟಿನೊಳಗೆ ಕೈ ಇಟ್ಟವರು ಹಾಗೇ ಇದ್ದರು.

ಆಗ ಪರದೆಯ ಆಚೆಯಿಂದ ಝೊಹರಾಳ ಸ್ವರ ಕೇಳಿತು. "ಡಾಕ್ಟರೇ, ಅಕ್ಕನಿಗೆ ಒಬ್ಬರಿಗೇ ಬೈಬೇಡಿ. ನಾನೂ ಹಾಕಿದ್ದೇನೆ. ಸ್ವಲ್ಪ."

"ಎಂತ ಸ್ವಲ್ಪ?" ಎಂದರು ಬೆಟ್ಟಂಪಾಡಿಯ ಅಜ್ಜಿ. "ಹಾಕುದಾದರೆ ಚಂದ ಮಾಡಿ ಹಾಕ್ಬೇಕು ಮಾರಾಯ್ತಿ. ಇವತ್ತು ಬೆಳಿಗ್ಗೆ ನಾನು ಸಮಾ ತಿಕ್ಕಿಯೇ ಕರ್ಕೊಂಡು ಬಂದದ್ದು."

ಡಾಕ್ಟರ್ ಪರದೆ ಸರಿಸಿ ಹೊರಗೆ ಬಂದರು. ಬೆಂಚಿನಲ್ಲಿದ್ದ ಏಳು ಜನರಲ್ಲಿ ಐದು ಜನ ನೆಲ ನೋಡುತ್ತಿದ್ದರು. ಅವರು ಒಬ್ಬೊಬ್ಬರನ್ನೇ ನೋಡಿದರು. ಆಮೇಲೆ ಅಲ್ಲೇ ಗೋಡೆಗೆ ಒರಗಿ, ಎರಡೂ ಕೈಯಿಂದ ಮುಖ ಒರೆಸಿಕೊಂಡು, "ಕೊಗ್ಗಣ್ಣ, ನಿಮಗೆ ಗೊತ್ತಿತ್ತಾ?" ಎಂದರು.

"ಗೊತ್ತಿಲ್ಲದೆ ಎಂತ" ಎಂದರು ಕೊಗ್ಗಣ್ಣ. "ಪಟ್ಟಿ ಸುತ್ತುವಾಗ ಕೈ ಜಾರ್ತದೆ. ಅಮ್ಮಂದಿರು ಇಲ್ಲ ಅಂತ ಹೇಳಿದ ಮೇಲೆ ನಾನು ಹೌದು ಅಂತ ಹೇಗೆ ಹೇಳುದು? ಈ ಊರಿನಲ್ಲಿ ಎಣ್ಣೆ ಹಾಕ್ಬೇಡಿ ಅಂದರೆ ಮಗುವನ್ನು ಮುಟ್ಟಬೇಡಿ ಅಂದ ಹಾಗೆ ಡಾಕ್ಟರೇ. ಎಲ್ಲಿಗೆ ಹಾಕಬಹುದು ಅಂತ ಹೇಳಿ, ಆಗ ಕೇಳ್ತಾರೆ."

ಕೊನೆಗೆ ಒಪ್ಪಂದವಾದದ್ದು ಹೀಗೆ: ತಲೆಗೆ, ಬೆನ್ನಿಗೆ, ಎದೆಗೆ ಎಷ್ಟು ಬೇಕಾದರೂ ಎಣ್ಣೆ, ಆದರೆ ಗುರುವಾರ. ಬುಧವಾರ ಇಡೀ ಮೈಗೆ ಸಾಬೂನು ಮಾತ್ರ. ಸೊಂಟದಿಂದ ಕೆಳಗೆ ಯಾವತ್ತೂ ಇಲ್ಲ. ಬೆಟ್ಟಂಪಾಡಿಯ ಅಜ್ಜಿ ಸೊಂಟವೆಂದರೆ ಎಲ್ಲಿಂದ ಲೆಕ್ಕ ಎಂದು ವಿಚಾರಿಸಿ ಖಚಿತ ಮಾಡಿಕೊಂಡರು. ಅವರ ಮೊಮ್ಮಗನನ್ನು ಕೊಗ್ಗಣ್ಣನೇ ಸಿಂಕಿನಲ್ಲಿ ಸಾಬೂನು ಹಾಕಿ ಎರಡೆರಡು ಸಲ ತೊಳೆದರು.

ನಾನಿನ್ನೂ ಪರದೆಯ ಬಳಿಯೇ ನಿಂತಿದ್ದೆ. ಡಾಕ್ಟರ್ ಲಕೋಟೆಯನ್ನು ಎತ್ತಿ ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದರು.

"ಮೊದಲಿನಿಂದ ಶುರು ಮಾಡಬೇಕು. ಬಾವು ಪೂರ್ತಿ ಇಳಿಯಲಿ, ಆಮೇಲೆ ಒಂದನೇ ಪ್ಲಾಸ್ಟರಿನಿಂದ. ಎಂಟು ವಾರ ಅಂತ ಇಟ್ಕೊಳ್ಳಿ. ಕಾಯ್ತೀರಾ?"

ಎಂಟು ವಾರ. ಜೂನ್ ತಿಂಗಳಲ್ಲಿ ಆರು ವಾರವೆಂದಾಗ ಮುಖ ಸಣ್ಣ ಮಾಡಿಕೊಂಡಿದ್ದವಳು ನಾನು. ಆ ದಿನ ಎಂಟು ವಾರ ಎಂಬ ಮಾತು ಕೇಳಿ ನನಗೆ ಅವರ ಕಾಲು ಹಿಡಿಯುವಷ್ಟು ಸಂತೋಷವಾಯಿತು. "ಹತ್ತಾದರೂ ಕಾಯುತ್ತೇನೆ" ಎಂದೆ.

ಸಂಜೆ ಮನೆಗೆ ಬಂದು ಮಾಂಯ್‌ಗೆ ಎಲ್ಲ ಹೇಳಿದೆ, ನನ್ನ ಸುಳ್ಳನ್ನೂ ಸೇರಿಸಿ. ಮಾಂಯ್ ಅಕ್ಕಿ ಗೇರುತ್ತಿದ್ದರು. ಗೆರಸೆ ಕೆಳಗಿಟ್ಟರು.

"ನಾನು ಶನಿವಾರವೇ ಹೇಳಿ ಆಯ್ತಲ್ಲ."

"ಯಾರಿಗೆ?"

"ಫಾದರಿಗೆ. ನೀನು ಬೇಡ ಅನ್ನಬಹುದು ಅಂತ, ನೀನು ಒಳಗೆ ಹೋದದ್ದು ನೋಡಿ, ಕದ್ದು ಹಚ್ಚಿದೆ ಅಂತ. ನನ್ನಿಂದಲೇ ಕೂಸಿನ ಕಾಲು ಕೆಟ್ಟಿತು ಅಂತ."

ನನಗೆ ಫಾದರ್ ಕೆಮ್ಮಿದ್ದು ನೆನಪಾಯಿತು. ಒಂದೇ ಮನೆಯ ಅತ್ತೆ ಸೊಸೆ, ಹತ್ತು ನಿಮಿಷದ ಅಂತರದಲ್ಲಿ, ಒಂದೇ ಎಣ್ಣೆಯ ಪಾಪವನ್ನು ತಂದು ಸುರಿದರೆ ಆ ಪುಣ್ಯಾತ್ಮ ಜಾಲರಿಯ ಹಿಂದೆ ಇನ್ನೇನು ಮಾಡಬೇಕು? ನಾನು ನಗಲು ಶುರು ಮಾಡಿದೆ. ಮಾಂಯ್ ಮೊದಲು ಸಿಟ್ಟಿನಿಂದ ನೋಡಿದರು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅವರೂ ನಕ್ಕರು, ನಗುತ್ತಾ ನಗುತ್ತಾ ಅತ್ತರು. ಗ್ರಹಣದ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಆ ಎಂಟು ವಾರಗಳನ್ನು ನೆನೆದರೆ ಈಗಲೂ ಮನಸ್ಸು ಬೆಚ್ಚಗಾಗುತ್ತದೆ. ಮಳೆ ಅದೇ, ಬಸ್ಸು ಅದೇ, ಬೆಂಚೂ ಅದೇ. ಆದರೆ ನನಗೆ ಅಲ್ಲೊಂದು ಕೆಲಸ ಸಿಕ್ಕಿತ್ತು. ದೂರದಿಂದ, ಸುಬ್ರಹ್ಮಣ್ಯದ ಆಚೆಯಿಂದೆಲ್ಲ ಮೊದಲ ಬಸ್ಸಿಗೆ ಬರುವವರಿಗೆ ಮನೆಯಲ್ಲಿ ಪ್ಲಾಸ್ಟರ್ ಬಿಚ್ಚಲು ಹೊತ್ತಿರುತ್ತಿರಲಿಲ್ಲ. ಅವರ ಮಕ್ಕಳ ಕಾಲನ್ನು ಬಿಸಿನೀರಿನಲ್ಲಿ ನೆನೆಸಿ, ತುದಿ ಹುಡುಕಿ ಬಿಚ್ಚಿ ಕೊಡುತ್ತಿದ್ದೆ. ಹೊಲಿದು ಹೊಲಿದು ಬೆರಳು ಸೂಕ್ಷ್ಮವಾಗಿತ್ತಲ್ಲ, ತುದಿ ಬೇಗ ಸಿಗುತ್ತಿತ್ತು. ಸುತ್ತು ಸುತ್ತು ಬಿಚ್ಚುತ್ತಾ ಕುಳಿತರೆ ಬಾಯಿಗೆ ತನ್ನಷ್ಟಕ್ಕೆ ಜಪ ಬರುತ್ತಿತ್ತು. ಪಕ್ಕದಲ್ಲಿ ಝೊಹರಾಳ ತುಟಿಯೂ ಅವಳ ಪ್ರಾರ್ಥನೆಗೆ ಅಲುಗುತ್ತಿತ್ತು. ಏಳು ವರ್ಷ ನಾನು ಪ್ರಾರ್ಥನೆ ಮಾಡಿದ್ದು ಕಾಯುವುದು ಬೇಗ ಮುಗಿಯಲಿ ಎಂದು. ಆ ಮಳೆಗಾಲದಲ್ಲಿ ಮೊದಲ ಸಲ, ಕಾಯುವಾಗ ದೇವರು ಜೊತೆಯಲ್ಲಿ ಕುಳಿತಿದ್ದಾರೆ ಎನಿಸಿತು. ಇದಕ್ಕಿಂತ ಚಂದ ಮಾಡಿ ಹೇಳಲು ನನಗೆ ಬರುವುದಿಲ್ಲ.

ಆಗಸ್ಟ್ ಕೊನೆಗೆ ಮರಿಯಮ್ಮನವರ ಹುಟ್ಟುಹಬ್ಬವಾದ ಮೋಂತಿ ಹಬ್ಬದ ತಯಾರಿ ಶುರುವಾಯಿತು. ಒಂಬತ್ತು ದಿನ ಮಕ್ಕಳು ತಟ್ಟೆಯಲ್ಲಿ ಹೂ ತಂದು ಬಾಲ ಮರಿಯಮ್ಮನವರಿಗೆ ಹಾಕುವುದು, ಕೊನೆಯ ದಿನ ಹೊಸ ತೆನೆಯ ಆಶೀರ್ವಾದ. ಹಬ್ಬದ ದಿನ ಮಗುವಿಗೆ ಆ ಉದ್ದದ ಫ್ರಾಕ್ ತೊಡಿಸಲಿಲ್ಲ. ಮೊಣಕಾಲಿನ ಮೇಲೆ ನಿಲ್ಲುವ ಚಿಕ್ಕ ಹೂವಿನ ಫ್ರಾಕ್ ಹೊಲಿದೆ. ಎರಡು ಬಿಳಿ ಪ್ಲಾಸ್ಟರ್ ಕಾಲುಗಳನ್ನು ಊರಿಗೆಲ್ಲ ತೋರಿಸುತ್ತಾ ಜೆನಿ ನನ್ನ ಸೊಂಟದ ಮೇಲೆ ಕುಳಿತು ಇಗರ್ಜಿಗೆ ಬಂದಳು. ಸಾಲಿನಲ್ಲಿದ್ದ ಮಕ್ಕಳಿಗೆ ದೇವಮಾತೆಗಿಂತ ಇವಳೇ ಹೆಚ್ಚಿನ ಕುತೂಹಲ. ತಟ್ಟೆಯಲ್ಲಿ ಉಳಿದ ಗೌರಿ ಹೂಗಳನ್ನೆಲ್ಲ ತಂದು ಅವಳ ಪ್ಲಾಸ್ಟರಿನ ಮೇಲ್ತುದಿಯ ಸಂದಿಗೆ ಸಿಕ್ಕಿಸಿದರು. ಮರುದಿನ ಬುಧವಾರ ಪಟ್ಟಿ ಬಿಚ್ಚುವಾಗ ಬಾಡಿದ ಎಸಳುಗಳು ನೀರಿನಲ್ಲಿ ತೇಲಿದವು.

ಎಂಟನೆಯ ಪ್ಲಾಸ್ಟರ್ ತೆಗೆದ ದಿನ ಡಾಕ್ಟರ್ ಅವಳ ಪಾದವನ್ನು ಅಂಗೈ ಮೇಲೆ ಇಟ್ಟುಕೊಂಡರು. ಅಂಗಾಲು ಅಂಗೈಗೆ ಪೂರ್ತಿ ತಾಗುತ್ತಿತ್ತು. ಹಿಮ್ಮಡಿಯ ಹಿಂದಿನ ಚಿಕ್ಕ ಗಾಯವನ್ನೂ ಅಂದೇ ಮಾಡಿ ಮುಗಿಸಿದರು. ಜೆನಿ ಅತ್ತಳು, ಝೊಹರಾ ಅತ್ತಳು, ನಾನು ಅಳಲಿಲ್ಲ. ಇನ್ನು ಮೂರು ವಾರಕ್ಕೆ ಒಂದೇ ಪ್ಲಾಸ್ಟರ್, ನಡುವೆ ಬರುವುದು ಬೇಡ ಎಂದರು. ಅದಾದ ಮೇಲೆ ನಾಲ್ಕು ವರ್ಷ ಮಲಗುವಾಗ ನಡುವೆ ಸರಳು ಕೂಡಿಸಿದ ಜೋಡಿ ಶೂ. ಅದನ್ನೂ ತಪ್ಪಿಸದೆ ಹಾಕಿದೆವು. ಈಗ ಅವಳು ಆರನೆಯ ಕ್ಲಾಸು. ಖೋಖೋದಲ್ಲಿ ಅವಳನ್ನು ಹಿಡಿಯಲು ಆಗುವುದಿಲ್ಲವೆಂದು ಶಾಲೆಯ ಮಕ್ಕಳು ದೂರುತ್ತಾರೆ.

ಮೂರು ವಾರದ ಆ ಕೊನೆಯ ಪ್ಲಾಸ್ಟರ್ ಹಾಕಿದ ನಂತರದ ಬುಧವಾರ ನಮಗೆ ಪುತ್ತೂರಿನಲ್ಲಿ ಏನೂ ಕೆಲಸವಿರಲಿಲ್ಲ. ಬೆಳಿಗ್ಗೆ ಎದ್ದು ಮಗುವನ್ನು ಮಾಂಯ್ ಮಡಿಲಿಗೆ ಕೊಟ್ಟು, ತಲೆ ಬಾಚಿಕೊಂಡೆ. "ಎಲ್ಲಿಗೆ ಹೊರಟದ್ದು?" ಎಂದು ಮಾಂಯ್ ಕೇಳಿದರು. "ಪುತ್ತೂರಿಗೆ" ಎಂದೆ. "ಡಾಕ್ಟರ್ ಬರಬೇಡಿ ಅಂದಿದ್ದಾರಲ್ಲ?" ಎಂದರು. "ನಮಗೆ ಬೇಡ ಅಂದದ್ದು" ಎಂದೆ. ಮಾಂಯ್ ಕೊಡೆ ತಂದು ಕೈಗೆ ಕೊಟ್ಟರು.

ಬೆಂಚಿನ ತುದಿಯಲ್ಲಿ ಹೊಸಬಳೊಬ್ಬಳು ಕುಳಿತಿದ್ದಳು. ಸುಳ್ಯದ ಕಡೆಯ ಹುಡುಗಿ, ಪಕ್ಕದಲ್ಲಿ ಅವಳ ಅಮ್ಮ. ಇಪ್ಪತ್ತು ದಿನದ ಮಗುವನ್ನು ಎದೆಗೊತ್ತಿಕೊಂಡು, ಅದರ ಕಾಲುಗಳ ಮೇಲೆ ಶಾಲನ್ನು ಎರಡು ಮಡಿಕೆ ಮಾಡಿ ಮುಚ್ಚಿದ್ದಳು. ನಾನು ಹತ್ತಿರ ಹೋದಾಗ ಶಾಲನ್ನು ಇನ್ನಷ್ಟು ಎಳೆದುಕೊಂಡಳು. ಒಳಗಿನಿಂದ ಕೊಗ್ಗಣ್ಣ ಪರದೆ ಸರಿಸಿ ನನ್ನನ್ನು ನೋಡಿ, ಮತ್ತೆ ಪರದೆ ಬಿಟ್ಟರು.

"ಎಷ್ಟು ಪ್ಲಾಸ್ಟರ್ ಹಾಕ್ತಾರೆ ಅಕ್ಕ? ಸರಿ ಆಗ್ತದಾ?" ಎಂದು ಅವಳು ಮೆಲ್ಲಗೆ ಕೇಳಿದಳು.

"ಆಗ್ತದೆ" ಎಂದು ಅವಳ ಪಕ್ಕದಲ್ಲಿ ಕುಳಿತೆ. "ಇರು, ಮೊದಲು ನಾನು ಮಾಡಿದ ತಪ್ಪು ಹೇಳ್ತೇನೆ."